ಮದುವೆಯಾದವರಿಗೆ ಒಂದು ಕೋಣೆ ಕೊಡಿಸಿ: ಬೆಳಗಾವಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಅಂಗವಿಕಲರನ್ನು ಮದುವೆಯಾಗುವವರಿಗೆ ನಮ್ಮ ರಾಜ್ಯ ಸರ್ಕಾರ 50,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ವಸತಿ ಕೇಂದ್ರದಲ್ಲಿರುವ ಇಬ್ಬರು ಅಂಗವಿಕಲರು ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾದರೆ, ಅವರು ಸಂಸಾರ ಮಾಡುವುದೆಲ್ಲಿ? ಇದನ್ನು ಕೇಳಲೆಂದೇ ಈ ಪತ್ರ.

ನನ್ನ ತಂಗಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಮಾತು ನಿಧಾನ, ಬುದ್ಧಿ ಚುರುಕು. ಅವ್ವ ತೀರಿಕೊಂಡ ಮೇಲೆ ಜಿಲ್ಲೆಯ ಒಂದು ವಸತಿ ಕೇಂದ್ರ ಸೇರಿದಳು. ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡ ಒಬ್ಬ ಹುಡುಗನೂ ಅಲ್ಲೇ ಇದ್ದ. ‘ನನ್ನ ಮಾತು ಮುಗಿಯೋ ತನಕ ಕಾಯೋದು ಅವನೊಬ್ಬನೇ’ ಎಂದಳು ತಂಗಿ. ನನಗೆ ಬೇರೆ ಕಾರಣ ಬೇಕಾಗಲಿಲ್ಲ. ಮಠದ ಸಾಮೂಹಿಕ ವಿವಾಹದಲ್ಲಿ ಅಕ್ಷತೆ ಬಿತ್ತು. ವಾಪಸ್ ಹೋದ ಮೇಲೆ ಅವನು ಗಂಡಸರ ಕಟ್ಟಡಕ್ಕೆ, ಇವಳು ಹೆಂಗಸರ ಕಟ್ಟಡಕ್ಕೆ. ಸಂಜೆ ಐದರಿಂದ ಆರರವರೆಗೆ ಪಡಸಾಲೆಯಲ್ಲಿ, ಆಯಾ ಕಣ್ಣೆದುರು ಕೂತು ಮಾತಾಡಬಹುದು. ಕೈ ಹಿಡಿದುಕೊಂಡರೆ ಬೈಗುಳ.

ವಿಚಾರಿಸಲು ಹೋದರೆ ಸಿಕ್ಕ ಉತ್ತರ: ‘ಊಟಾ, ವಸತಿ ಎಲ್ಲಾ ಐತಲ್ರೀ, ಅವರಿಗ್ಯಾಕ್ರೀ ಸಂಸಾರ?’

ಈ ಮಾತು ಹೇಳಿದವರು ಕೆಟ್ಟವರಲ್ಲ. ನನ್ನ ತಂಗಿಯ ತಲೆ ಬಾಚುವವರು, ಜ್ವರ ಬಂದಾಗ ರಾತ್ರಿಯಿಡೀ ಕೂತವರು. ಆದರೆ ಅವರ ಕಣ್ಣಿಗೆ ಅವಳು ಇನ್ನೂ ಮಗು. ಬೆಳೆದ ಹೆಣ್ಣುಮಗಳ ಆಸೆ ಅವರಿಗೆ ತುಂಟತನದ ಹಾಗೆ ಕಾಣುತ್ತದೆ.

ಕಾನೂನು ಹಾಗೆ ನೋಡುವುದಿಲ್ಲ. ಭಾರತ 2007ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿ, ಮದುವೆಯಾಗಿ ಸಂಸಾರ ಕಟ್ಟುವ ಹಕ್ಕನ್ನು ಒಪ್ಪಿಕೊಂಡಿದೆ. ನಮ್ಮದೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅವರಿಗೆ ಎಲ್ಲರ ನಡುವೆ ಬಾಳುವ ಹಕ್ಕಿದೆ. ಇಂಥ ಕಡೆಯೇ ಇರಬೇಕು ಎಂದು ಕಟ್ಟಿಹಾಕುವ ಹಾಗಿಲ್ಲ. 10ನೇ ಸೆಕ್ಷನ್ ಇನ್ನೂ ಮುಖ್ಯ. ಮಕ್ಕಳಾಗುವುದು, ಕುಟುಂಬ ಯೋಜನೆ ಇವುಗಳ ಬಗ್ಗೆ ಅವರಿಗೆ ಮಾಹಿತಿ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು. ಅವರು ತಿಳಿದು ಒಪ್ಪದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಮಾಡಬಾರದು. ಇದು ಸುಮ್ನೆ ಬರೆದ ಮಾತಲ್ಲ. 1994ರಲ್ಲಿ ಪಕ್ಕದ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ಕೇಂದ್ರದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶ ತೆಗೆಸಲಾಗಿತ್ತು. ನೋಡಿಕೊಳ್ಳುವವರಿಗೆ ಅನುಕೂಲ ಎಂಬ ಕಾರಣಕ್ಕೆ! 2009ರಲ್ಲಿ ಚಂಡೀಗಢದ ಸರ್ಕಾರಿ ಕೇಂದ್ರದಲ್ಲಿದ್ದ ಒಬ್ಬ ಯುವತಿಯ ಗರ್ಭಪಾತಕ್ಕೆ ಆಡಳಿತ ಮುಂದಾದಾಗ, ಅವಳ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತಡೆಯಿತು.

‘ಏನಾದರೂ ಹೆಚ್ಚುಕಡಿಮೆ ಆದರೆ?’ ಎಂಬ ಭಯ ನನಗೂ ಗೊತ್ತು. ವಸತಿ ಕೇಂದ್ರಗಳಲ್ಲಿ ದೌರ್ಜನ್ಯ ನಡೆಯುತ್ತದೆ, ಅದನ್ನು ತಡೆಯಲೇಬೇಕು. ಆದರೆ ಯಾವ ಮುಟ್ಟುವಿಕೆ ಬೇಕು, ಯಾವುದು ಬೇಡ ಎಂದು ಹೇಳುವುದನ್ನೇ ಕಲಿಸದಿದ್ದರೆ ಆ ಹುಡುಗಿಯರಿಗೆ ಅಪಾಯ ಜಾಸ್ತಿ ಅಲ್ವಾ? ಮಾತು ಬಾರದವರಿಗೆ ಚಿತ್ರ ತೋರಿಸಿ ಕಲಿಸಬಹುದು.

ತಮ್ಮಿಂದ ಆಗುವ ಕೆಲಸ ಬಹಳವಿದೆ. ಮದುವೆಯಾದ ಜೋಡಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡುವಂತೆ ಕೇಂದ್ರಗಳಿಗೆ ಸೂಚಿಸಿ. ಸಹಾಯ ಬೇಕಾದಾಗ ಒತ್ತಲು ಒಂದು ಬೆಲ್ ಇರಲಿ. ಸಿಬ್ಬಂದಿ ಬಾಗಿಲು ತಟ್ಟಿ ಒಳಗೆ ಬರಲಿ. ಹೊರಗೆ ಬಾಡಿಗೆ ಮನೆ ಮಾಡುತ್ತೇವೆ ಎನ್ನುವವರಿಗೆ ಮನೆ ಹುಡುಕಲು, ಬೆಳಿಗ್ಗೆ ಸಂಜೆ ಬಂದು ಹೋಗುವ ಸಹಾಯಕರನ್ನು ಗೊತ್ತುಮಾಡಲು ಇಲಾಖೆ ಕೈಜೋಡಿಸಲಿ. ಮಾಸಾಶನದ ಪಾಸ್‌ಬುಕ್, ಎಟಿಎಂ ಕಾರ್ಡ್ ಅವರ ಕೈಯಲ್ಲೇ ಇರಲಿ.

ಇನ್ನೊಂದು ವಿಷಯ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ ಇರುವವರಿಗೆ ಪಾಲಕರನ್ನು ನೇಮಿಸುವ ಸ್ಥಳೀಯ ಸಮಿತಿಯಲ್ಲಿ ತಾವಿದ್ದೀರಿ. ಅಂಥ ಅರ್ಜಿ ಬಂದಾಗ ಅಣ್ಣ, ಅಕ್ಕ, ವಾರ್ಡನ್ ಹೇಳಿದ್ದನ್ನಷ್ಟೇ ಕೇಳಬೇಡಿ. ಯಾರ ಬದುಕಿನ ವಿಚಾರವೋ ಅವರನ್ನು ಎದುರಿಗೆ ಕೂರಿಸಿಕೊಂಡು, ಬೇರೆಯವರನ್ನು ಹೊರಗೆ ಕಳಿಸಿ, ಕೇಳಿ. ನನ್ನ ತಂಗಿಯಂಥವರಿಗೆ ಒಂದು ವಾಕ್ಯ ಹೇಳಲು ಒಂದು ನಿಮಿಷ ಬೇಕು. ದಯವಿಟ್ಟು ಆ ನಿಮಿಷ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಬೆಳಗಾವಿಯ ಒಬ್ಬ ನಿವಾಸಿ