‘ದೂರ’ ಎಂದು ಬರೆಯುವ ಮುನ್ನ

ಪ್ರಿಯರೇ,

ಕರಡು ಓದಿದೆ. ಮೊದಲ ಸಾಲಿನಲ್ಲೇ ‘ಅತಿ ದೂರದ ರೇಡಿಯೋ ಗೆಲಾಕ್ಸಿ’ (ರೇಡಿಯೋ ಅಲೆಗಳನ್ನು ಪ್ರಬಲವಾಗಿ ಸೂಸುವ ಗೆಲಾಕ್ಸಿ) ಎಂದಿದ್ದೀರಿ. ದೂರ ಎಂದು ಗೊತ್ತಾದದ್ದು ಹೇಗೆ ಎಂಬುದು ಮಾತ್ರ ಕೊನೆಯವರೆಗೂ ಬರಲಿಲ್ಲ. ಲೇಖನದ ಜೀವ ಇರುವುದೇ ಅಲ್ಲಿ, ಅದನ್ನು ಬಿಡಿಸಿ ಬರೆಯಿರಿ.

ಹುಡುಕಾಟ ಶುರುವಾಗುವುದು ಒಂದು ಭಾಗಾಕಾರದಿಂದ. ಒಂದೇ ಆಕರದ ಕಾಂತಿಯನ್ನು 150 ಮೆಗಾಹರ್ಟ್ಸ್‌ನಲ್ಲೂ 1400 ಮೆಗಾಹರ್ಟ್ಸ್‌ನಲ್ಲೂ ಅಳೆಯುತ್ತಾರೆ. ಸಾಮಾನ್ಯ ರೇಡಿಯೋ ಗೆಲಾಕ್ಸಿಯಾದರೆ ಎರಡನೆಯ ಅಳತೆ ಮೊದಲನೆಯದರ ಸುಮಾರು ಆರನೇ ಒಂದು ಭಾಗ. 200 ಮಿಲಿಜಾನ್ಸ್ಕಿ (ರೇಡಿಯೋ ಕಾಂತಿಯ ಮಾನ) ಇದ್ದದ್ದು 10ಕ್ಕೆ ಕುಸಿದಿದ್ದರೆ ರೋಹಿತದ ಇಳಿಜಾರು, ಅಂದರೆ ಆವರ್ತನ ಏರಿದಂತೆ ಕಾಂತಿ ಕುಸಿಯುವ ದರ, 1.3 ದಾಟಿತು ಎಂದರ್ಥ. ಇಂಥ ಕಡಿದಾದವುಗಳಲ್ಲಿ ದೂರದವು ಸಿಗುವ ಸಂಭವ ಹೆಚ್ಚು. ಆದರೆ 1400ರ ಅಳತೆ ಹರಡಿಕೊಂಡ ಕಾಂತಿಯನ್ನು ಬಿಟ್ಟುಬಿಟ್ಟಿದ್ದರೆ ಇಳಿಜಾರು ಸುಳ್ಳೇ ಕಡಿದಾಗಿ ಕಾಣುತ್ತದೆ. ಒಂದೇ ಗೆಲಾಕ್ಸಿಯ ಇಕ್ಕೆಲಗಳಲ್ಲಿ ರೇಡಿಯೋ ಸೂಸುವ ಎರಡು ಹಾಲೆಗಳನ್ನು (ಮೋಡದಂಥ ಭಾಗಗಳನ್ನು) ಎರಡು ಆಕರಗಳೆಂದು ಎಣಿಸುವ ತಪ್ಪೂ ಆಗುತ್ತದೆ.

ಇಳಿಜಾರು ಕಡಿದಾಗುವುದೇಕೆ? ವಾದ ಇನ್ನೂ ಮುಗಿದಿಲ್ಲ, ಹಾಗೆಂದೇ ಬರೆಯಿರಿ. ಒಂದು ಕಾರಣವನ್ನು ಓದುಗರಿಗೆ ಲೆಕ್ಕ ಹಾಕಿಯೇ ತೋರಿಸಬಹುದು. ಮಹಾಸ್ಫೋಟದಿಂದ ಉಳಿದ ವಿಶ್ವದ ಹಿನ್ನೆಲೆ ವಿಕಿರಣದ ಶಕ್ತಿ ಸಾಂದ್ರತೆ, ರೆಡ್‌ಶಿಫ್ಟ್‌ಗೆ (ವಿಶ್ವ ಹಿಗ್ಗಿದ್ದರಿಂದ ಬೆಳಕಿನ ತರಂಗಾಂತರ ಎಷ್ಟು ಹಿಗ್ಗಿದೆ ಎಂಬ ಅಳತೆ; ಹೆಚ್ಚಿದಷ್ಟೂ ದೂರ) ಒಂದು ಕೂಡಿಸಿ ನಾಲ್ಕನೇ ಘಾತಕ್ಕೇರಿಸಿದಷ್ಟು ಪಟ್ಟು ಹೆಚ್ಚಿರುತ್ತದೆ. ರೆಡ್‌ಶಿಫ್ಟ್ 4ರಲ್ಲಿ ಅದು ಇಂದಿನದರ 625 ಪಟ್ಟು. ಹಾಲೆಯೊಳಗೆ ಕಾಂತಕ್ಷೇತ್ರವನ್ನು ಸುತ್ತುತ್ತಾ ರೇಡಿಯೋ ಸೂಸುವ ಎಲೆಕ್ಟ್ರಾನ್‌ಗಳು ಆ ವಿಕಿರಣಕ್ಕೂ ಶಕ್ತಿ ಕಳೆದುಕೊಳ್ಳುತ್ತವೆ. ಹೆಚ್ಚು ಶಕ್ತಿಯವು ಮೊದಲು ಸೊರಗುವುದರಿಂದ ಮೇಲಿನ ಆವರ್ತನಗಳೇ ಮೊದಲು ಮಂಕಾಗುತ್ತವೆ.

ಇಷ್ಟಾದರೂ ಕೈಯಲ್ಲಿರುವುದು ಅನುಮಾನ ಮಾತ್ರ. ತೀರ್ಪು ಕೊಡುವುದು ದೃಗ್ಗೋಚರ ಬೆಳಕಿನ ರೋಹಿತ. 7525 ಆಂಗ್‌ಸ್ಟ್ರಾಮ್ (ತರಂಗಾಂತರದ ಮಾನ) ಬಳಿ ಒಂಟಿ ಗೆರೆ ಸಿಕ್ಕಿತೆಂದುಕೊಳ್ಳಿ. ಅದು ಹೈಡ್ರೋಜನ್‌ನ ಲೈಮನ್ ಆಲ್ಫಾ (ಮೂಲತಃ 1216) ಆಗಿದ್ದರೆ ರೆಡ್‌ಶಿಫ್ಟ್ 5.19. ಆಮ್ಲಜನಕದ 3727ರ ಗೆರೆಯಾಗಿದ್ದರೆ ಬರೀ 1.02! ಕಾರ್ಬನ್ನಿನದೋ ಹೀಲಿಯಂನದೋ ಇನ್ನೊಂದು ಗೆರೆ ಸಿಕ್ಕರೆ ಗೊಂದಲ ತೀರುತ್ತದೆ. ಸಿಗದಿದ್ದರೆ ಗೆರೆಯ ಆಕಾರ ನೋಡುತ್ತಾರೆ. ಲೈಮನ್ ಆಲ್ಫಾದ ನೀಲಿ ಬದಿಯನ್ನು, ಅಂದರೆ ಕಿರಿಯ ತರಂಗಾಂತರದ ಬದಿಯನ್ನು, ನಡುವಿನ ಹೈಡ್ರೋಜನ್ ತಿಂದುಹಾಕಿರುತ್ತದೆ.

1999ರಲ್ಲಿ ವರದಿಯಾದ ರೇಡಿಯೋ ಗೆಲಾಕ್ಸಿ ಟಿಎನ್ ಜೆ0924-2201ರ ರೆಡ್‌ಶಿಫ್ಟ್ ಇದೇ 5.19. ಅದರ ಬೆಳಕು ಹೊರಟಾಗ ವಿಶ್ವಕ್ಕೆ ಸುಮಾರು 110 ಕೋಟಿ ವರ್ಷ. ಬೆಳಕು ಸುಮಾರು 1,270 ಕೋಟಿ ವರ್ಷ ಪಯಣಿಸಿದೆ ಎಂದು ಬರೆಯಬಹುದು. ‘1,270 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ’ ಎಂದರೆ ತಪ್ಪು. ವಿಶ್ವ ಹಿಗ್ಗಿರುವುದರಿಂದ ಈಗಿನ ದೂರ ಅದರ ಸುಮಾರು ಎರಡು ಪಟ್ಟು.

ಕರಡಿನಲ್ಲಿರುವ ‘ವಿಕಾಸ’ ಎಂಬ ಪದವೂ ಜಾರುವ ಜಾಗ. ಕಪ್ಪುಕುಳಿಯ ಬಳಿಯಿಂದ ಹಾಲೆಗಳನ್ನು ತುಂಬುವ ಜೆಟ್ (ಕಣಗಳ ಕಿರಿದಾದ ಧಾರೆ) ಚಿಮ್ಮುವುದು ಒಂದರಿಂದ ಹತ್ತು ಕೋಟಿ ವರ್ಷ, ಅಷ್ಟೆ. ಆದ್ದರಿಂದ ಒಂದು ಗೆಲಾಕ್ಸಿ ಮುಪ್ಪಾಗುವ ಕಥೆ ಇದಲ್ಲ. ರೆಡ್‌ಶಿಫ್ಟ್ 2ರ ಕಾಲದಲ್ಲಿ ಪ್ರಬಲ ರೇಡಿಯೋ ಗೆಲಾಕ್ಸಿಗಳ ಸಾಂದ್ರತೆ ಇಂದಿಗಿಂತ ನೂರಾರು ಪಟ್ಟು ಇತ್ತು. ಬದಲಾದದ್ದು ಇಡೀ ಸಂತತಿ.

ಸಿಗ್ನಸ್ ಎ ಎಂಬ ರೇಡಿಯೋ ಗೆಲಾಕ್ಸಿಯ ಚಿತ್ರದ ಅಡಿಬರಹದಲ್ಲಿ ‘ಕಿತ್ತಳೆ ಅನಿಲ’ ಎಂದಿದೆ, ತೆಗೆಯಿರಿ. ಆ ಬಣ್ಣ ರೇಡಿಯೋ ತೀವ್ರತೆಗೆ ಬಳಿದದ್ದು. ಅಲ್ಲಿ ಆವರ್ತನ ಎಷ್ಟೆಂದು ಸೇರಿಸಿ ಮತ್ತೆ ಕಳಿಸಿ.