ಒಂದೇ ವಾರದಲ್ಲಿ ಎರಡು ಸಮರಕಲೆ

ಮಾನ್ಯರೇ,

ಮಕ್ಕಳನ್ನು ಕರಾಟೆಗೂ ಟೇಕ್ವಾಂಡೊಗೂ ಒಟ್ಟೊಟ್ಟಿಗೆ ಸೇರಿಸುವ ಪೋಷಕರು ನಮ್ಮ ಬಡಾವಣೆಯಲ್ಲಿ ಹೆಚ್ಚುತ್ತಿದ್ದಾರೆ. ಎರಡು ವಿದ್ಯೆ ಕಲಿಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಆರಂಭದಲ್ಲೇ ಎರಡನ್ನು ಜೊತೆಗೂಡಿಸುವುದಾದರೆ, ನೋಡಲು ಒಂದೇ ತೆರನಾದ ಎರಡನ್ನು ಆರಿಸಿಕೊಳ್ಳುವುದು ಸರಿಯಲ್ಲವೆಂಬುದು ಬಹುಕಾಲ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನನ್ನ ಅಭಿಪ್ರಾಯ.

ಕಳೆದ ವರ್ಷ ನನ್ನ ಹತ್ತು ವರ್ಷದ ಮೊಮ್ಮಗ ವಾರಕ್ಕೆರಡು ದಿನ ಶೋಟೋಕಾನ್ ಕರಾಟೆಗೂ ಇನ್ನೆರಡು ದಿನ ಟೇಕ್ವಾಂಡೊಗೂ ಹೋಗುತ್ತಿದ್ದ. ಎರಡರಲ್ಲೂ ಒಬ್ಬರೇ ನಿಂತು ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿಗಳಿವೆ. ಕರಾಟೆಯ ಹೆಯಾನ್ ಶೋದಾನ್ ಕಟಾ ಮತ್ತು ಟೇಕ್ವಾಂಡೊದ ತೇಗುಕ್ ಇಲ್ ಜಾಂಗ್ ಎಂಬ ಇಂಥ ಸರಣಿಗಳು ಶುರುವಾಗುವ ರೀತಿ ಒಂದೇ: ಎಡಕ್ಕೆ ತಿರುಗಿ ಕೆಳಗಿನ ತಡೆ, ಬಲಗಾಲು ಮುಂದಿಟ್ಟು ಗುದ್ದು, ಅಲ್ಲಿಂದ ಹಿಂದಕ್ಕೆ ತಿರುಗಿ ಮತ್ತೆ ತಡೆ. ವ್ಯತ್ಯಾಸವಿರುವುದು ಕಾಲಿನಲ್ಲಿ. ಕರಾಟೆಯಲ್ಲಿ ಮುಂದಿನ ಕಾಲಿನ ಮಂಡಿ ಚೆನ್ನಾಗಿ ಬಾಗಿ, ಹಿಂದಿನ ಕಾಲು ದೂರಕ್ಕೆ ಚಾಚಿರಬೇಕು. ಟೇಕ್ವಾಂಡೊದಲ್ಲಿ ಬೀದಿಯಲ್ಲಿ ನಡೆಯುವಾಗ ಇಡುವಷ್ಟೇ ಹೆಜ್ಜೆ. ಕರಾಟೆ ಬೆಲ್ಟ್ ಪರೀಕ್ಷೆಯ ದಿನ ಹುಡುಗ ಇವೆರಡರ ನಡುವಿನ, ಯಾವ ಶೈಲಿಗೂ ಸೇರದ ಅಳತೆಯಲ್ಲಿ ಹೆಜ್ಜೆಯಿಟ್ಟು ನಿಂತ. ಬೆಲ್ಟ್ ಮಾತ್ರ ಸಿಕ್ಕಿತು, ಶುಲ್ಕ ಕಟ್ಟಿದ್ದೆವಲ್ಲ!

ಕೈಗಳದೂ ಇದೇ ಕಥೆ. ಟೇಕ್ವಾಂಡೊ ಸ್ಪರ್ಧೆಯಲ್ಲಿ ಮುಖಕ್ಕೆ ಒದೆಯಬಹುದು, ಗುದ್ದುವಂತಿಲ್ಲ. ಹಾಗಾಗಿ ಕೈ ಇಳಿಬಿಟ್ಟು ಆಡುವುದು ರೂಢಿಯಾಗುತ್ತದೆ. ಆ ರೂಢಿಯೊಂದಿಗೆ ಕರಾಟೆಯ ಕುಮಿಟೆಗೆ, ಅಂದರೆ ಎದುರಾಳಿಯೊಂದಿಗಿನ ಸೆಣಸಾಟಕ್ಕೆ, ನಿಂತವನ ಮುಖದ ಮುಂದೆ ಎದುರಾಳಿಯ ಮುಷ್ಟಿ ಬಂದಿರುತ್ತದೆ.

ಕರಾಟೆಯ ಜೊತೆಗೆ ಜೂಡೊ ಅಥವಾ ಕುಸ್ತಿಯನ್ನು ಕಲಿತರೆ ಈ ಗೊಂದಲ ಬಹುಪಾಲು ಇರುವುದಿಲ್ಲ. ಕೊರಳಪಟ್ಟಿಗೆ ಕೈ ಬಿದ್ದೊಡನೆ ಇದು ಬೇರೆಯದೇ ಆಟವೆಂದು ಮೈಗೆ ಗೊತ್ತಾಗುತ್ತದೆ. ಗರಡಿಯಲ್ಲಿ ಪಳಗಿದ ಹುಡುಗ ಜೂಡೊಗೆ ಬಂದಾಗ ಅವನ ಕೈ ಎದುರಾಳಿಯ ಕಾಲಿಗೇ ಹೋಗುತ್ತದೆ ಎಂಬುದು ನಿಜ. ಜೂಡೊ ಸ್ಪರ್ಧೆಗಳಲ್ಲಿ ಕಾಲು ಹಿಡಿಯುವುದನ್ನು 2010ರಲ್ಲಿ ನಿರ್ಬಂಧಿಸಿ, 2013ರಲ್ಲಿ ಪೂರ್ತಿ ನಿಷೇಧಿಸಿದ್ದಾರೆ. ಆದರೆ ದಂಡ ಬಿದ್ದಾಗ ತಪ್ಪೇನೆಂದು ಹುಡುಗನಿಗೇ ತಿಳಿಯುತ್ತದೆ. ಹೆಜ್ಜೆ ಅರ್ಧ ಅಡಿ ಮೋಟಾದದ್ದು ಅವನಿಗೆ ತಿಳಿಯುವುದಿಲ್ಲ, ಅನೇಕ ಸಲ ಮಾಸ್ಟರಿಗೂ ತಿಳಿಯುವುದಿಲ್ಲ.

1882ರಲ್ಲಿ ಜೂಡೊವನ್ನು ರೂಪಿಸಿದ ಜಿಗೋರೊ ಕಾನೊ ಕೂಡ ಜಪಾನಿನ ಹಳೆಯ ಸಮರಕಲೆಯಾದ ಜುಜುತ್ಸುವಿನ ಎರಡು ಪರಂಪರೆಗಳಲ್ಲಿ ಪಳಗಿದವರೇ. ಆದರೆ ಮೊದಲನೆಯದರಲ್ಲಿ ಕೆಲವು ವರ್ಷ ಕಳೆದ ಮೇಲೆ ಅವರು ಎರಡನೆಯದಕ್ಕೆ ಹೋದರು.

ತರಗತಿ ನಡೆಸುವವರಲ್ಲಿ ನನ್ನದೊಂದು ಕೋರಿಕೆಯಿದೆ. ಮಗು ಬೇರೆ ಯಾವ ಸಮರಕಲೆಯನ್ನು ಕಲಿಯುತ್ತಿದೆ, ಎಲ್ಲಿಯವರೆಗೆ ಕಲಿತಿದೆ ಎಂಬ ಒಂದು ಸಾಲನ್ನು ಸೇರ್ಪಡೆ ಅರ್ಜಿಯಲ್ಲಿ ಸೇರಿಸಲಿ. ರಕ್ತದ ಗುಂಪು ಕೇಳುವವರು ಇದನ್ನೂ ಕೇಳಬಹುದು.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಮೈಸೂರು