ಗುರುತು ಹಾಕಿದ ಹೈಡ್ರೋಜನ್

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ಉಕ್ಕಿನ ನನ್ನ ಪ್ರಯೋಗಕ್ಕೆ, ನೀರು ಇರುವಾಗ ದುಬಾರಿ ಭಾರಜಲವೇ ಏಕೆ ಬೇಕು ಎಂದು ಭಾನುವಾರ ಕೇಳಿದಿರಿ. ಫೋನಿನಲ್ಲಿ ಅರ್ಧಕ್ಕೇ ನಿಂತ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿಕೊಂಡರೆ, ತಾಳಬೇಕಾದಷ್ಟು ಭಾರ ತಾಳದೆ ಅದು ಬಿರುಕು ಬಿಡುತ್ತದೆ. ಆಮ್ಲದಲ್ಲಿ ಅದ್ದಿದ ಕಬ್ಬಿಣ ಪೆಡಸಾಗುವುದನ್ನು ವಿಲಿಯಂ ಜಾನ್ಸನ್ 1875ರಲ್ಲೇ ವರದಿ ಮಾಡಿದ್ದರು. ಆದರೆ ಆ ಹೈಡ್ರೋಜನ್ ಲೋಹದಲ್ಲಿ ಎಲ್ಲಿ ಅಡಗುತ್ತದೆ ಎಂದು ಕಾಣುವುದು ಬಹಳ ಕಷ್ಟ. ಪರಮಾಣುಗಳಲ್ಲೆಲ್ಲ ಹಗುರವಾದದ್ದು ಅದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಸಿಗುವುದಿಲ್ಲ. ಸುಮ್ಮನೆ ಬಿಟ್ಟರೆ ಹೊರಗೆ ಸೋರಿಹೋಗುತ್ತದೆ.

ನಾವು ಬಳಸುವುದು ಆಟಂ ಪ್ರೋಬ್. ಉಕ್ಕನ್ನು ಸೂಜಿಯಂತೆ ಮಾಡಿ, ತುದಿಯನ್ನು ಸುಮಾರು 100 ನ್ಯಾನೋಮೀಟರಿನಷ್ಟು ಮೊನಚಾಗಿಸುತ್ತೇವೆ. ಹೆಚ್ಚಿನ ವೋಲ್ಟೇಜಿನಲ್ಲಿ ತುದಿಯ ಪರಮಾಣುಗಳು ಒಂದೊಂದಾಗಿ ಅಯಾನುಗಳಾಗಿ ಕಿತ್ತು ಬರುತ್ತವೆ. ಹಾರಿ ಬರಲು ಹಿಡಿದ ಸಮಯದಿಂದ ಅದು ಯಾವ ಪರಮಾಣು ಎಂದೂ, ಬಂದು ಬಿದ್ದ ಜಾಗದಿಂದ ಸೂಜಿಯಲ್ಲಿ ಎಲ್ಲಿತ್ತು ಎಂದೂ ತಿಳಿಯುತ್ತದೆ. ತೊಡಕು ಏನೆಂದರೆ, ಎಷ್ಟೇ ನಿರ್ವಾತ ಮಾಡಿದರೂ ಉಪಕರಣದ ಉಕ್ಕಿನ ಗೋಡೆಗಳಿಂದಲೇ ಹೈಡ್ರೋಜನ್ ಒಸರುತ್ತಿರುತ್ತದೆ. ಕಂಡದ್ದು ನಾವು ತುಂಬಿಸಿದ್ದೋ, ಗೋಡೆಯದೋ?

ಅದಕ್ಕೇ ಭಾರಜಲ. ಅದನ್ನು ವಿದ್ಯುತ್ತಿನಿಂದ ವಿಭಜಿಸಿ ಉಕ್ಕಿಗೆ ತುಂಬಿಸುವುದು ಡ್ಯುಟೀರಿಯಂ, ಅಂದರೆ ದ್ರವ್ಯರಾಶಿ 2 ಇರುವ ಹೈಡ್ರೋಜನ್. ನಿಸರ್ಗದಲ್ಲಿ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದೇ ಒಂದು ಅಂಥದ್ದು. ಹಾಗಾಗಿ ಡ್ಯುಟೀರಿಯಂ ಕಂಡರೆ ಅದು ಗೋಡೆಯದಲ್ಲ, ನಾವು ತುಂಬಿಸಿದ್ದೇ. ತುಂಬಿಸಿದ ಕೂಡಲೇ ದ್ರವ ಸಾರಜನಕದಲ್ಲಿ ತಣಿಸಿ, ತಣ್ಣಗೇ ಒಯ್ದರೆ ಅದು ಇದ್ದಲ್ಲೇ ಇರುತ್ತದೆ. 2017ರಲ್ಲಿ ಆಕ್ಸ್‌ಫರ್ಡ್ ವಿಜ್ಞಾನಿಗಳು ಹೀಗೆಯೇ ಉಕ್ಕಿನ ಸಣ್ಣ ಕಾರ್ಬೈಡ್ (ಲೋಹ ಮತ್ತು ಇಂಗಾಲ ಕೂಡಿದ) ಕಣಗಳ ಒಳಗೆ ಡ್ಯುಟೀರಿಯಂ ಸಿಕ್ಕಿಬಿದ್ದದ್ದನ್ನು ತೋರಿಸಿದರು. ಹೈಡ್ರೋಜನ್ನನ್ನು ಹೀಗೆ ಕಟ್ಟಿಹಾಕುವ ಕಣಗಳನ್ನು ಬೇಕೆಂದೇ ಬೆಳೆಸಿದರೆ ಉಕ್ಕು ಉಳಿಯಬಹುದು. ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಆ ಆಸೆಯೇ.

ಕಳೆದ ವಾರ ದ್ರವ್ಯರಾಶಿಯ ನಕ್ಷೆಯಲ್ಲಿ 2ರ ಗುರುತಿನಲ್ಲಿ ಎತ್ತರದ ಶಿಖರ ಕಂಡು ಹಿಗ್ಗಿದೆ. ನಮ್ಮ ಪ್ರಯೋಗಾಲಯದ ಹಿರಿಯರು ಒಂದೇ ಪ್ರಶ್ನೆ ಕೇಳಿದರು: “ಮಾಮೂಲಿ ನೀರಿನಲ್ಲಿ ತುಂಬಿಸಿದ ಸೂಜಿ ಏನು ತೋರಿಸಿತು?” ಎರಡು ಸಾಮಾನ್ಯ ಹೈಡ್ರೋಜನ್ ಜೊತೆಯಾಗಿ ಬಂದರೂ ದ್ರವ್ಯರಾಶಿ 2 ತಾನೇ! ಆ ಸೂಜಿಯನ್ನು ನಾನು ಮಾಡಿರಲೇ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಅದೇ ಉಕ್ಕಿನಿಂದ, ಅದೇ ವೋಲ್ಟೇಜಿಗೆ ಎರಡನ್ನೂ ಸಿದ್ಧಪಡಿಸಿದ್ದೇನೆ. ನಾಳೆ ಬೆಳಗ್ಗೆ ಮೊದಲು ಮಾಮೂಲಿ ನೀರಿನದು.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು